ಗಾಡಿ ಬಿಡುವ ಜಾಗ

ಹೈದರಾಬಾದಿಗೆ ಗಾಡಿಯಲ್ಲಿ ಬರುವುದು ಈಗ ಸುಲಭ. ಬೆಂಗಳೂರಿನಿಂದ ಕರ್ನೂಲು, ಜಡ್ಚರ್ಲ ದಾಟಿ ಬರುವ 44ನೆಯ ರಾಷ್ಟ್ರೀಯ ಹೆದ್ದಾರಿ, ಹುಮನಾಬಾದ್, ಜಹೀರಾಬಾದ್ ಹಾದು ಬರುವ 65, ಕೊಡಂಗಲ್ ಕಡೆಯಿಂದ ಚೇವೆಳ್ಳದ ಆಲದ ಮರಗಳ ಸಾಲಿನಲ್ಲಿ ಬರುವ 163, ಎಲ್ಲವೂ ಕೊನೆಗೆ 158 ಕಿಲೋಮೀಟರ್ ಉದ್ದದ ಹೊರವರ್ತುಲ ರಸ್ತೆಗೆ ಸೇರುತ್ತವೆ. 2018ರಲ್ಲಿ ಪೂರ್ತಿ ಸುತ್ತು ಕೂಡಿಕೊಂಡ ಈ ಎಂಟು ಪಥಗಳ ರಸ್ತೆಯಲ್ಲಿ ಎಷ್ಟು ವೇಗವಾಗಿ ಹೋಗಬೇಕೆಂದು ಹೇಳುವ ಫಲಕಗಳಿವೆ, ಎಲ್ಲಿ ಇಳಿಯಬೇಕೆಂದು ತೋರಿಸುವ ಬಾಣಗಳಿವೆ. ರಾತ್ರಿ ಹತ್ತಾಯಿತು, ಕಣ್ಣು ಎಳೆಯುತ್ತಿದೆ, ಗಾಡಿಯನ್ನು ಎಲ್ಲಿ ನಿಲ್ಲಿಸಿ ಮಲಗಬೇಕು ಎಂಬ ಪ್ರಶ್ನೆಗೆ ಮಾತ್ರ ಫಲಕವಿಲ್ಲ. ಕ್ಯಾಂಪರ್‌ವ್ಯಾನಿನಲ್ಲಿ ವಾಸಿಸುತ್ತ ಊರೂರು ತಿರುಗುವವರ ಸಂಖ್ಯೆ ನಮ್ಮಲ್ಲಿ ಇನ್ನೂ ಚಿಕ್ಕದು. ಆದ್ದರಿಂದ ಇದು ಹಣವಂತರ ಹವ್ಯಾಸದ ತೊಡಕು ಎಂದು ತಳ್ಳಿಹಾಕುವುದು ಸುಲಭ. ಆದರೆ ಅವರು ಕೇಳುವ ಪ್ರಶ್ನೆಯನ್ನೇ ಲಾರಿಯ ಕ್ಯಾಬಿನ್ನಿನಲ್ಲಿ ಮಲಗುವ ಚಾಲಕ, ಕ್ಲೀನರ್, ಕಾರಿನ ಸೀಟು ಹಿಂದಕ್ಕೆ ಬಾಗಿಸಿ ರಾತ್ರಿ ಕಳೆಯುವ ಟ್ಯಾಕ್ಸಿಯವರು ಬಹುಕಾಲದಿಂದ ಕೇಳುತ್ತಿದ್ದಾರೆ. ಇವರೆಲ್ಲರನ್ನೂ ಒಟ್ಟಿಗೆ ನೋಡಿದರೆ ಮಾತ್ರ ಉತ್ತರ ಹೊಳೆಯುತ್ತದೆ ಎಂಬುದು ಈ ಲೇಖನದ ವಾದ.

ಮೊದಲು ಗಾಡಿಯ ಮಾತು. ಕ್ಯಾಂಪರ್‌ವ್ಯಾನ್ ಎಂದರೆ ಹಾಸಿಗೆ, ಚಿಕ್ಕ ಒಲೆ, ನೀರಿನ ಟ್ಯಾಂಕು, ಕೆಲವೊಮ್ಮೆ ಶೌಚಾಲಯವೂ ಇರುವ ವ್ಯಾನು. ಭಾರತದ ಕಾನೂನಿಗೆ ಇದು ಅಪರಿಚಿತ ವಸ್ತುವಲ್ಲ. ಮೋಟಾರು ವಾಹನಗಳ ವರ್ಗೀಕರಣದಲ್ಲಿ ಸ್ವಂತ ಬಳಕೆಯ ಕ್ಯಾಂಪರ್‌ವ್ಯಾನ್ ಸಾರಿಗೆಯೇತರ ವಾಹನಗಳ ಪಟ್ಟಿಯಲ್ಲಿದೆ, ಬಾಡಿಗೆಗೆ ಓಡುವಂಥದ್ದು ಸಾರಿಗೆ ವಾಹನಗಳ ಪಟ್ಟಿಯಲ್ಲಿದೆ. ಮೋಟಾರು ಕ್ಯಾರವಾನುಗಳನ್ನು ಹೇಗೆ ಕಟ್ಟಬೇಕು ಎಂದು ಹೇಳುವ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವೂ ಇದೆ. ಹಳೆಯ ಟೆಂಪೋ ಟ್ರಾವೆಲರ್ ಕೊಂಡು, ಸೀಟು ಕಿತ್ತು, ಮಂಚ ಕೂಡಿಸಿದರೆ ಅದು ತಾನಾಗಿಯೇ ಕ್ಯಾಂಪರ್‌ವ್ಯಾನ್ ಆಗುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ ಆ ಬದಲಾವಣೆಗೆ ಆರ್‌ಟಿಒ ಒಪ್ಪಿಗೆ ಬೇಕು, ನೋಂದಣಿ ಪತ್ರದಲ್ಲಿ ಅದು ದಾಖಲಾಗಬೇಕು. ಕರ್ನಾಟಕದ ನಂಬರಿನ ಗಾಡಿಯನ್ನು ತೆಲಂಗಾಣದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ಹೊಸ ನಂಬರು ಪಡೆಯಬೇಕಾಗುತ್ತದೆ. ಕಾಗದಪತ್ರ ಸರಿಯಿರುವುದು ರಾತ್ರಿ ತಂಗುವ ವಿಷಯಕ್ಕೂ ಮುಖ್ಯ. ಗಸ್ತಿಗೆ ಬಂದ ಪೊಲೀಸರು ಕಿಟಕಿ ತಟ್ಟಿದಾಗ, ಇದು ಮಲಗುವುದಕ್ಕೆಂದೇ ನೋಂದಣಿಯಾದ ವಾಹನ ಎಂದು ತೋರಿಸಲು ಇರುವ ಆಧಾರ ಅದೊಂದೇ.

ಗಾಡಿಯನ್ನು ಇಷ್ಟು ವಿವರವಾಗಿ ಬಲ್ಲ ಕಾನೂನು, ಅದು ತಂಗುವ ಜಾಗದ ವಿಷಯಕ್ಕೆ ಬಂದಾಗ ಬರೀ ನಿಷೇಧಗಳ ಭಾಷೆಯಲ್ಲಿ ಮಾತಾಡುತ್ತದೆ. ಸಾರ್ವಜನಿಕ ಸ್ಥಳದಲ್ಲಿ ಬೇರೆಯವರಿಗೆ ಅಪಾಯ, ಅಡ್ಡಿ ಅಥವಾ ಅತಿಯಾದ ತೊಂದರೆಯಾಗುವಂತೆ ವಾಹನ ನಿಲ್ಲಿಸಬಾರದು ಎನ್ನುತ್ತದೆ 122ನೆಯ ಕಲಮು. ಹತ್ತು ತಾಸಿಗೂ ಹೆಚ್ಚು ಹೊತ್ತು ಯಾರೂ ಇಲ್ಲದೆ ಬಿಟ್ಟ, ಅಥವಾ ನಿಷೇಧಿತ ಜಾಗದಲ್ಲಿ ನಿಲ್ಲಿಸಿದ ವಾಹನವನ್ನು ಎಳೆದೊಯ್ಯಲು, ಚಕ್ರಕ್ಕೆ ಬೀಗ ಹಾಕಿಸಲು 127ನೆಯ ಕಲಮು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗೆ ಅಧಿಕಾರ ಕೊಡುತ್ತದೆ. ಖರ್ಚು ಗಾಡಿಯ ಮಾಲೀಕನದು. 2017ರ ಚಾಲನಾ ನಿಬಂಧನೆಗಳಲ್ಲಿ ಫುಟ್‌ಪಾತು, ತಿರುವು, ಸೇತುವೆ, ಬಸ್ ನಿಲ್ದಾಣ, ಆಸ್ಪತ್ರೆಯ ಬಾಗಿಲು ಎಂದು ಉದ್ದದ ಪಟ್ಟಿಯೇ ಇದೆ. ದಾರಿಗೆ ಅಡ್ಡಿ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 285ನೆಯ ಕಲಮಿನಡಿ ಐದು ಸಾವಿರ ರೂಪಾಯಿವರೆಗೆ ದಂಡ ಹಾಕಬಹುದು. ಗಮನಿಸಬೇಕಾದ್ದೆಂದರೆ, ಸರಿಯಾಗಿ ನಿಲ್ಲಿಸಿದ ಗಾಡಿಯೊಳಗೆ ಮಲಗುವುದನ್ನೇ ಅಪರಾಧವೆಂದು ಮೋಟಾರು ವಾಹನ ಕಾಯ್ದೆ ಎಲ್ಲೂ ಹೇಳುವುದಿಲ್ಲ. ನಿದ್ದೆಗೆ ಅಡ್ಡಿಯಿಲ್ಲ, ನಿದ್ದೆಗೆ ಜಾಗವೂ ಇಲ್ಲ. ಹೀಗಾಗಿ ಒಂದು ರಸ್ತೆಯಲ್ಲಿ ಬೆಳಗಿನವರೆಗೆ ಯಾರೂ ಕೇಳದೆ ಹೋಗಬಹುದು, ಪಕ್ಕದ ರಸ್ತೆಯಲ್ಲಿ ನಡುರಾತ್ರಿ ಎಬ್ಬಿಸಿ ಕಳಿಸಬಹುದು. ಎರಡೂ ಕಾನೂನಿನೊಳಗೇ ನಡೆಯುತ್ತವೆ. ತೀರ್ಮಾನ ಮಾಡುವುದು ಆ ಹೊತ್ತಿಗೆ ಅಲ್ಲಿಗೆ ಬಂದ ಪೇದೆಯ ಮನಸ್ಸು.

ಅದೇ ಕಾಯ್ದೆಯಲ್ಲಿ 117ನೆಯ ಕಲಮು ಇದೆ, ಅದನ್ನು ಓದುವವರು ಕಡಿಮೆ. ರಾಜ್ಯ ಸರ್ಕಾರ, ಇಲ್ಲವೇ ಅದು ಅಧಿಕಾರ ಕೊಟ್ಟ ಸಂಸ್ಥೆ, ಸ್ಥಳೀಯ ಆಡಳಿತದೊಂದಿಗೆ ಸಮಾಲೋಚಿಸಿ ವಾಹನಗಳು ಕಾಲಮಿತಿಯಿಲ್ಲದೆ ಅಥವಾ ಗೊತ್ತುಪಡಿಸಿದ ಅವಧಿಗೆ ನಿಲ್ಲಬಹುದಾದ ಜಾಗಗಳನ್ನು ನಿಗದಿ ಮಾಡಬಹುದು ಎಂದು ಅದು ಹೇಳುತ್ತದೆ. ಇಲ್ಲಿ ನಿಲ್ಲಬೇಡ ಎನ್ನಲು ಎಷ್ಟು ಅಧಿಕಾರವಿದೆಯೋ ಇಲ್ಲಿ ನಿಲ್ಲು ಎನ್ನಲೂ ಅಷ್ಟೇ ಇದೆ. ಹೊಸ ಶಾಸನ ಬೇಡ, ವಿಧಾನಸಭೆಯ ಅಧಿವೇಶನ ಬೇಡ. ಒಂದು ಅಧಿಸೂಚನೆ ಸಾಕು.

ಹೈದರಾಬಾದಿನಲ್ಲಿ ಆ ಅಧಿಸೂಚನೆಯ ಅಗತ್ಯ ಯಾರಿಗೆ ಅತಿ ಹೆಚ್ಚು? ಹಗಲಿನ ಹೊತ್ತು ಭಾರಿ ಲಾರಿಗಳಿಗೆ ನಗರದೊಳಗೆ ನಿರ್ಬಂಧವಿದೆ. ಸಂಚಾರದ ದೃಷ್ಟಿಯಿಂದ ಅದು ಸರಿಯಾದ ನಿಯಮವೇ. ಆದರೆ ಸೊಲ್ಲಾಪುರದಿಂದ ಈರುಳ್ಳಿ, ಬೀದರ್ ಕಡೆಯಿಂದ ಬೇಳೆ ಹೇರಿಕೊಂಡು ಬೆಳಗ್ಗೆ ಎಂಟಕ್ಕೆ ಊರಿನ ಬಾಗಿಲಿಗೆ ಬಂದ ಚಾಲಕ ರಾತ್ರಿಯಾಗುವ ತನಕ ಎಲ್ಲಿರಬೇಕು ಎಂಬುದಕ್ಕೆ ಆ ನಿಯಮದಲ್ಲಿ ಉತ್ತರವಿಲ್ಲ. ಅವನು ಸರ್ವೀಸ್ ರಸ್ತೆಯ ಅಂಚಿನಲ್ಲೋ, ಢಾಬಾದ ಮುಂದೆಯೋ, ಪಟಾನ್‌ಚೆರು ಕೈಗಾರಿಕಾ ಪ್ರದೇಶದ ಗೋಡೆಯ ಬದಿಯಲ್ಲೋ ನಿಲ್ಲುತ್ತಾನೆ. ಸಾರಿಗೆ ಕಾರ್ಮಿಕರ ದುಡಿಮೆಗೆ ದಿನಕ್ಕೆ ಎಂಟು ತಾಸು, ವಾರಕ್ಕೆ ನಲವತ್ತೆಂಟು ತಾಸಿನ ಮಿತಿಯನ್ನು 1961ರ ಕಾಯ್ದೆಯೇ ಹಾಕಿತ್ತು. ಉಳಿದ ಹದಿನಾರು ತಾಸನ್ನು ದೂರದ ಲಾರಿಯವನು ಕಳೆಯುವುದು ಬಹುಪಾಲು ಆ ಕ್ಯಾಬಿನ್ನಿನಲ್ಲೇ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಚಾಲಕನ ಕೆಲಸದ ಜಾಗ ಕಾಯ್ದ ಕಬ್ಬಿಣದ ಪೆಟ್ಟಿಗೆಯಾಗಬಾರದು ಎಂದು ಸರ್ಕಾರ ಕೊನೆಗೂ ಒಪ್ಪಿಕೊಂಡಿತಲ್ಲ, ಅದು ದೊಡ್ಡ ಮಾತು. ಆ ಪೆಟ್ಟಿಗೆಯನ್ನು ನಿಲ್ಲಿಸುವುದಕ್ಕೆ ನೆರಳು, ಸ್ನಾನಕ್ಕೆ ನೀರು, ಶೌಚಕ್ಕೆ ಬಾಗಿಲಿರುವ ಕೋಣೆ ಬೇಕೆಂಬುದನ್ನೂ ಒಪ್ಪಿಕೊಳ್ಳುವುದು ಮುಂದಿನ ಹೆಜ್ಜೆ.

ಇದೇ ಊರು ಒಂದು ಕಾಲಕ್ಕೆ ಅದನ್ನು ಒಪ್ಪಿಕೊಂಡಿತ್ತು. ವಿಜಯವಾಡದ ಹೆದ್ದಾರಿಯಲ್ಲಿರುವ ಹಯಾತ್‌ನಗರದಲ್ಲಿ ಕುತುಬ್‌ಶಾಹಿ ಕಾಲದ, 17ನೆಯ ಶತಮಾನದ ಮಸೀದಿಯೊಂದಿದೆ. ಹಯಾತ್ ಬಕ್ಷಿ ಬೇಗಂ ಹೆಸರಿನ ಆ ಮಸೀದಿಯ ಅಂಗಳವನ್ನು ನಾಲ್ಕೂ ಕಡೆ ಸುತ್ತುವರಿದಿರುವುದು ನೂರಕ್ಕೂ ಹೆಚ್ಚು ಕಮಾನಿನ ಕೋಣೆಗಳ ಸರಾಯಿ. ಗೋಲ್ಕೊಂಡದಿಂದ ಮಚಲೀಪಟ್ಟಣದ ಬಂದರಿಗೆ ಹೋಗುವ ವರ್ತಕರು ತಂಗುತ್ತಿದ್ದ ದಾರಿ ಅದು. ಹತ್ತಿರದಲ್ಲೇ ಹಾಥಿ ಬಾವಡಿ ಎಂಬ ದೊಡ್ಡ ಬಾವಿಯೂ ಇದೆ. ನಗರದ ಇನ್ನೊಂದು ತುದಿಯಲ್ಲಿ, ಇಂದಿನ ಐಟಿ ಕಟ್ಟಡಗಳ ಮಗ್ಗುಲಲ್ಲಿ, ಶೇಖ್‌ಪೇಟೆ ಸರಾಯಿ ನಿಂತಿದೆ: ಎರಡಂತಸ್ತು, ಮೂವತ್ತರಷ್ಟು ಕೋಣೆ, ಕುದುರೆ ಮತ್ತು ಒಂಟೆಗಳಿಗೆ ಲಾಯ. ಪ್ರಯಾಣಿಕನಿಗೆ ಕೋಣೆ ಕೊಟ್ಟು ಅವನ ಪ್ರಾಣಿಗಳನ್ನು ಬೀದಿಯಲ್ಲಿ ಕಟ್ಟು ಎನ್ನಲಿಲ್ಲ ಆ ಸರಾಯಿಗಳನ್ನು ಕಟ್ಟಿಸಿದವರು. ನಮ್ಮ ಕನ್ನಡ ಸೀಮೆಯ ಗುಂಡುತೋಪುಗಳೂ ಇದೇ ತಿಳಿವಳಿಕೆಯಿಂದ ಹುಟ್ಟಿದವು. ಊರ ಹೊರಗೆ ಮಾವು, ಹಲಸು, ಹುಣಸೆ ನೆಟ್ಟ ಆ ಸಾಮೂಹಿಕ ತೋಪುಗಳಲ್ಲಿ ಗಾಡಿಯವರು ಎತ್ತು ಬಿಚ್ಚಿ, ಮೂರು ಕಲ್ಲು ಹೂಡಿ ಅನ್ನ ಬೇಯಿಸಿಕೊಂಡು, ಗಾಡಿಯ ಕೆಳಗೆ ಮಲಗಿ, ಬೆಳಗಾಗೆದ್ದು ಹೋಗುತ್ತಿದ್ದರು. ಊರಿನ ನೆಮ್ಮದಿ ಕೆಡಬಾರದು, ಬಂದವನೂ ಪರದಾಡಬಾರದು ಎಂಬ ಎರಡು ಉದ್ದೇಶಗಳನ್ನು ಒಂದೇ ತೋಪು ಪೂರೈಸುತ್ತಿತ್ತು. ಮೋಟಾರು ಬಂದ ಮೇಲೆ ರಸ್ತೆಗಳು ಅಗಲವಾದವು, ತೋಪುಗಳು ಹೋದವು. ಗಾಡಿ ವೇಗವಾಗಿ ಓಡಿದ ಮಾತ್ರಕ್ಕೆ ಓಡಿಸುವವನಿಗೆ ನಿದ್ದೆ ಬೇಡವಾಗುವುದಿಲ್ಲ ಎಂಬ ಸಾಮಾನ್ಯ ಸಂಗತಿ ನಮ್ಮ ನಗರ ಯೋಜನೆಯ ನಕ್ಷೆಯಿಂದ ಬಿಟ್ಟುಹೋಯಿತು.

ಪೂರ್ತಿ ಬಿಟ್ಟುಹೋಯಿತು ಎಂದರೆ ಅನ್ಯಾಯವಾದೀತು. ಹಯಾತ್‌ನಗರ ದಾಟಿ ಅದೇ ಹೆದ್ದಾರಿಯಲ್ಲಿ ಮುಂದೆ ಹೋದರೆ ಬಾಟಸಿಂಗಾರಂನಲ್ಲಿ, ಮತ್ತು ನಾಗಾರ್ಜುನಸಾಗರ ರಸ್ತೆಯ ಕಡೆ ಮಂಗಳಪಲ್ಲಿಯಲ್ಲಿ, ಮಹಾನಗರ ಅಭಿವೃದ್ಧಿ ಪ್ರಾಧಿಕಾರ ಖಾಸಗಿ ಪಾಲುದಾರಿಕೆಯಲ್ಲಿ ಲಾಜಿಸ್ಟಿಕ್ ಪಾರ್ಕುಗಳನ್ನು ಮಾಡಿದೆ. ಗೋದಾಮಿನ ಜೊತೆಗೆ ಲಾರಿ ನಿಲ್ಲಿಸುವ ಅಂಗಳ, ಚಾಲಕರಿಗೆ ಮಲಗುವ ಹಜಾರ ಅಲ್ಲಿನ ಯೋಜನೆಯ ಭಾಗ. ತೈಲ ಕಂಪನಿಗಳು ಹೆದ್ದಾರಿಯ ಪೆಟ್ರೋಲ್ ಬಂಕುಗಳಲ್ಲಿ ‘ಅಪ್ನಾ ಘರ್’ ಎಂಬ ಹೆಸರಿನಲ್ಲಿ ಲಾರಿ ಚಾಲಕರಿಗೆ ಹಾಸಿಗೆ, ಶೌಚಾಲಯ, ಅಡುಗೆ ಮಾಡಿಕೊಳ್ಳುವ ಜಾಗ ಒದಗಿಸುತ್ತಿವೆ. ಹೆದ್ದಾರಿ ಪ್ರಾಧಿಕಾರ ನಲವತ್ತರಿಂದ ಅರವತ್ತು ಕಿಲೋಮೀಟರಿಗೊಂದರಂತೆ ರಸ್ತೆಬದಿ ಸೌಕರ್ಯ ಕೇಂದ್ರಗಳನ್ನು ಮಾಡುವ ಕೆಲಸ ಹಿಡಿದಿದೆ. ಇವು ಒಳ್ಳೆಯ ಆರಂಭ. ಕೊರತೆಯೆಂದರೆ ಇವೆಲ್ಲ ಸರಕಿನ ಕಣ್ಣಿನಿಂದ ಯೋಚಿಸಿದವು. ಹೆಂಡತಿ ಮಕ್ಕಳೊಂದಿಗೆ ಚಿಕ್ಕ ವ್ಯಾನಿನಲ್ಲಿ ಬಂದವರು, ಒಬ್ಬಳೇ ಗಾಡಿ ಓಡಿಸುವ ಹೆಣ್ಣುಮಗಳು, ಸಂಸ್ಥೆಯ ಲೆಕ್ಕಕ್ಕೆ ಸೇರದ ಬಾಡಿಗೆ ಕಾರಿನವನು ಅಲ್ಲಿಗೆ ಹೋಗಿ ನಮಗೂ ಒಂದು ರಾತ್ರಿಗೆ ಜಾಗ ಕೊಡಿ ಎಂದು ಹಕ್ಕಿನಿಂದ ಕೇಳುವಂತಿಲ್ಲ.

ಹಾಗಾದರೆ ಇವತ್ತು ಕ್ಯಾಂಪರ್‌ವ್ಯಾನಿನಲ್ಲಿ ಬರುವವರು ಏನು ಮಾಡಬೇಕು? ಸದ್ಯಕ್ಕೆ ಭದ್ರವಾದ ಹಾದಿ ಒಂದೇ: ಖಾಸಗಿ ಜಾಗ, ಮಾಲೀಕರ ಒಪ್ಪಿಗೆ, ಕೈಯಲ್ಲಿ ರಸೀದಿ. ಹೋಟೆಲು ಅಥವಾ ರೆಸಾರ್ಟಿನ ಅಂಗಳದಲ್ಲಿ ನಿಲ್ಲಿಸಲು ಮೊದಲೇ ಮಾತಾಡಿ, ಊಟಕ್ಕೋ ಸ್ನಾನಕ್ಕೋ ಹಣ ಕೊಟ್ಟು ಇರುವುದು. ಹೊರವರ್ತುಲದ ಆಚೆಯ ತೋಟದ ಮನೆಯವರ ಜೊತೆ ಒಪ್ಪಂದ ಮಾಡಿಕೊಳ್ಳುವುದು. ಲಾರಿಯವರು ನಂಬುವ, ರಾತ್ರಿಯಿಡೀ ದೀಪವಿರುವ ಢಾಬಾದಲ್ಲಿ ಕೇಳಿ ನಿಲ್ಲಿಸುವುದು. ಪೆಟ್ರೋಲ್ ಬಂಕಿನವರು ಜಾಗ ಕೊಟ್ಟರೂ ಅಲ್ಲಿ ಒಲೆ ಹಚ್ಚಬಾರದು. ಅದಕ್ಕೆ ವಿವರಣೆ ಬೇಕಿಲ್ಲ. ಹೊರವರ್ತುಲ ರಸ್ತೆಯ ಮೇಲೆ, ಅದರ ಇಳಿಜಾರು ರ‍್ಯಾಂಪಿನಲ್ಲಿ ನಿಲ್ಲಿಸುವುದು ಕಾನೂನುಬಾಹಿರ ಮಾತ್ರವಲ್ಲ, ನಿದ್ದೆಗಣ್ಣಿನ ಇನ್ನೊಬ್ಬ ಚಾಲಕನಿಗೆ ಜೀವ ಒಪ್ಪಿಸಿದಂತೆ. ಸಿಕಂದರಾಬಾದಿನ ಕಂಟೋನ್ಮೆಂಟ್ ಸೈನ್ಯದ ಪ್ರದೇಶ, ಅಲ್ಲಿ ರಾತ್ರಿ ತಂಗುವ ಯೋಚನೆ ಬೇಡ. ವಿಕಾರಾಬಾದ್ ಬಳಿಯ ಅನಂತಗಿರಿ ಬೆಟ್ಟ ಕಣ್ಣಿಗೆ ಚೆಂದ, ಆದರೆ ಅದು ಕಾಯ್ದಿಟ್ಟ ಅರಣ್ಯ; ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಗೆ ಬೀಡು ಬಿಟ್ಟರೆ ಮೊಕದ್ದಮೆ ಎದುರಿಸಬೇಕಾದೀತು.

ಸುರಕ್ಷತೆ ಎಂದರೆ ಕಳ್ಳಕಾಕರ ಭಯ ಮಾತ್ರ ಎಂದುಕೊಳ್ಳುವುದು ತಪ್ಪು. ಈ ನಗರದಲ್ಲಿ ನೀರಿನ ಭಯ ಅದಕ್ಕಿಂತ ದೊಡ್ಡದು. 1908ರ ಮೂಸಿ ನೆರೆಯ ಬಳಿಕ ಸರ್ ಎಂ. ವಿಶ್ವೇಶ್ವರಯ್ಯನವರ ಸಲಹೆ ಪಡೆದು ಕಟ್ಟಿದ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರಗಳು ಊರನ್ನು ಬಹಳಷ್ಟು ಕಾಪಾಡಿವೆ. ಆದರೂ 2020ರ ಅಕ್ಟೋಬರ್ 13ರಂದು ಘಟ್‌ಕೇಸರ್ ಭಾಗದಲ್ಲಿ ಒಂದೇ ದಿನ ಮೂವತ್ತು ಸೆಂಟಿಮೀಟರಿಗೂ ಹೆಚ್ಚು ಮಳೆ ಸುರಿದು, ತಗ್ಗಿನ ಬೀದಿಗಳಲ್ಲಿ ಕಾರುಗಳು ತೇಲಿಹೋದವು. 2025ರ ಸೆಪ್ಟೆಂಬರ್ ಕೊನೆಯಲ್ಲಿ ಮೂಸಿಯ ನೀರು ಮಹಾತ್ಮ ಗಾಂಧಿ ಬಸ್ ನಿಲ್ದಾಣದೊಳಕ್ಕೇ ನುಗ್ಗಿತು. ಹಗಲಲ್ಲಿ ನೆರಳೂ ನಿಶ್ಶಬ್ದವೂ ಇರುವ ಕೆರೆಯಂಚು, ನಾಲಾ ಬದಿ, ಕೆಳಸೇತುವೆಯ ಮಗ್ಗುಲು ಮಳೆಗಾಲದ ರಾತ್ರಿ ಎಂಥ ಜಾಗವೆಂದು ಹೊರಗಿನಿಂದ ಬಂದವನಿಗೆ ತಿಳಿಯುವುದಿಲ್ಲ. ಇನ್ನೊಂದು ಅಪಾಯ ಗಾಡಿಯ ಒಳಗೇ ಇದೆ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರ ಬಳಿ ರಸ್ತೆಬದಿಗೆ ನಿಲ್ಲಿಸಿದ್ದ ಕ್ಯಾರವಾನಿನಲ್ಲಿ ಇಬ್ಬರು ಸತ್ತು ಬಿದ್ದಿದ್ದರು. ಜನರೇಟರಿನಿಂದ ಹೊರಟ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬಿಕೊಂಡಿತ್ತು. ವಾಸನೆಯಿಲ್ಲದ, ಕೆಮ್ಮೂ ಬರಿಸದ ಆ ಅನಿಲ ಮಲಗಿದವನನ್ನು ಎಬ್ಬಿಸುವುದೇ ಇಲ್ಲ. ತಂಗುವ ಜಾಗದಲ್ಲಿ ಕರೆಂಟಿನ ಪ್ಲಗ್ಗು ಇದ್ದರೆ ಜನರೇಟರಿನ ಅಗತ್ಯವೇ ಬೀಳುವುದಿಲ್ಲ. ನಿಗದಿತ ತಂಗುದಾಣವನ್ನು ಐಷಾರಾಮ ಎನ್ನುವವರು ಈ ಸಾವುಗಳನ್ನು ನೆನೆಯಬೇಕು.

ಇನ್ನು ಹೊಲಸು ನೀರಿನ ಮಾತು. ಮಡಿವಂತಿಕೆ ಬಿಟ್ಟು ಆಡಬೇಕು. ವ್ಯಾನಿನಲ್ಲಿ ಶೌಚಾಲಯವಿದ್ದರೆ ಅದರ ತೊಟ್ಟಿಯನ್ನು ಕೆಲವು ದಿನಕ್ಕೊಮ್ಮೆ ಖಾಲಿ ಮಾಡಲೇಬೇಕು. ಅದಕ್ಕೆ ವ್ಯವಸ್ಥೆಯಿಲ್ಲದಿದ್ದರೆ ಅದು ಮಳೆನೀರಿನ ಚರಂಡಿಗೆ, ಅಲ್ಲಿಂದ ಕೆರೆಗೆ ಹೋಗುತ್ತದೆ. ಗಂಡಿಪೇಟೆ ಎಂದು ಜನ ಕರೆಯುವ ಉಸ್ಮಾನ್ ಸಾಗರ ಇಂದಿಗೂ ಕುಡಿಯುವ ನೀರಿನ ಆಕರ. ಇದರ ಮತ್ತು ಹಿಮಾಯತ್ ಸಾಗರದ ಸುತ್ತ ಹತ್ತು ಕಿಲೋಮೀಟರು ಮಲಿನವಾಗದಿರಲೆಂದೇ 1996ರಲ್ಲಿ 111ನೆಯ ಸರ್ಕಾರಿ ಆದೇಶ ಹೊರಟಿತ್ತು. ತಂಗುವವರು ಇಷ್ಟಪಡುವ ತೆರೆದ ಬಯಲುಗಳೆಲ್ಲ ಇರುವುದು ಬಹುಪಾಲು ಆ ಪಶ್ಚಿಮದ ಕಡೆಗೇ. ಪರಿಹಾರ ದುಬಾರಿಯಲ್ಲ. ಅಂಬರ್‌ಪೇಟೆ, ನಾಗೋಲಿನಂಥ ಕಡೆಗಳಲ್ಲಿ ಜಲಮಂಡಳಿಯ ಕೊಳಚೆ ನೀರು ಶುದ್ಧೀಕರಣ ಘಟಕಗಳಿವೆ. ಒಳಚರಂಡಿಗೆ ಸೇರಿದ ಒಂದು ಮುಚ್ಚಳದ ಗುಂಡಿ, ತೊಳೆಯಲು ಒಂದು ನಲ್ಲಿ, ಬಂದ ಗಾಡಿಯ ಲೆಕ್ಕ ಬರೆಯಲು ಒಂದು ಪುಸ್ತಕ, ಇಷ್ಟಿದ್ದರೆ ಕೆಲಸ ಆಗುತ್ತದೆ. ಮನುಷ್ಯರ ಕೈಯಲ್ಲಿ ಮಲ ತೆಗೆಸುವುದನ್ನು ನಿಷೇಧಿಸಿದ 2013ರ ಕಾಯ್ದೆಯಿರುವ ದೇಶದಲ್ಲಿ ಯಾವುದೋ ಢಾಬಾದ ಹುಡುಗನಿಗೆ ನೂರು ರೂಪಾಯಿ ಕೊಟ್ಟು ಆ ತೊಟ್ಟಿ ಬಗ್ಗಿಸುವ ಸ್ಥಿತಿ ಬರಬಾರದು.

ಗಂಭೀರವಾದ ಆಕ್ಷೇಪವೊಂದಿದೆ, ಅದನ್ನು ಎದುರಿಸದೆ ಮುಂದೆ ಹೋಗುವುದು ಪ್ರಾಮಾಣಿಕವಲ್ಲ. 2019ರ ನವೆಂಬರಿನಲ್ಲಿ ಶಂಶಾಬಾದಿನ ತೊಂಡುಪಲ್ಲಿ ಟೋಲ್ ಗೇಟಿನ ಬಳಿ ಯುವ ಪಶುವೈದ್ಯೆಯೊಬ್ಬರ ಮೇಲೆ ನಡೆದ ಅತ್ಯಾಚಾರ ಮತ್ತು ಕೊಲೆ ದೇಶವನ್ನೇ ನಡುಗಿಸಿತು. ಆರೋಪ ಹೊತ್ತವರು ಅಲ್ಲೇ ರಸ್ತೆಬದಿಗೆ ಲಾರಿ ನಿಲ್ಲಿಸಿಕೊಂಡಿದ್ದ ಕೆಲಸಗಾರರು. ವಾಹನಗಳಲ್ಲಿ ರಾತ್ರಿ ಕಳೆಯುವ ಅಪರಿಚಿತರಿಗೆ ಊರಿನ ಅಂಚಿನಲ್ಲಿ ಜಾಗ ಕೊಡಿ ಎಂದರೆ ಸುತ್ತಲಿನ ಹೆಣ್ಣುಮಕ್ಕಳ ಗತಿಯೇನು ಎಂದು ಯಾರಾದರೂ ಕೇಳಿದರೆ ಅದು ಪೂರ್ವಗ್ರಹದ ಪ್ರಶ್ನೆಯಲ್ಲ, ನ್ಯಾಯವಾದ ಭಯ. ಆದರೆ ಆ ಘಟನೆಯಿಂದ ಕಲಿಯಬೇಕಾದ ಪಾಠ ಯಾವುದು? ಅಲ್ಲಿ ಇದ್ದದ್ದು ನಿಗದಿತ ತಂಗುದಾಣವಲ್ಲ. ಯಾರು ಬಂದರು, ಎಷ್ಟು ಹೊತ್ತು ನಿಂತರು ಎಂದು ಬರೆದಿಡುವವರಿಲ್ಲದ, ಕಾವಲಿಲ್ಲದ ರಸ್ತೆಬದಿ. ಲಾರಿಗಳನ್ನು ಅಲ್ಲಿಂದ ಓಡಿಸಿದರೆ ಅವು ಮಾಯವಾಗುವುದಿಲ್ಲ; ಇನ್ನೂ ಕತ್ತಲಾದ, ಇನ್ನೂ ಒಂಟಿಯಾದ ಮತ್ತೊಂದು ಬದಿಗೆ ಹೋಗಿ ನಿಲ್ಲುತ್ತವೆ. ಬಾಗಿಲಲ್ಲಿ ನಂಬರು ಬರೆದುಕೊಳ್ಳುವ, ಕ್ಯಾಮೆರಾ ಇರುವ, ಹೆಂಗಸರ ಶೌಚಾಲಯ ಬೇರೆಯಾಗಿರುವ, ಪೊಲೀಸ್ ಗಸ್ತು ದಿನವೂ ಬರುವ ಅಂಗಳ ಒಳಗಿದ್ದವರನ್ನು ಕಾಯುವಷ್ಟೇ ಹೊರಗಿನವರನ್ನೂ ಕಾಯುತ್ತದೆ. ಅಂಥ ಜಾಗಗಳಿದ್ದಾಗಲೇ ರಸ್ತೆಬದಿಯಲ್ಲಿ ನಿಂತವರನ್ನು ಏಳಿಸುವ ನೈತಿಕ ಹಕ್ಕೂ ಪೊಲೀಸರಿಗೆ ಗಟ್ಟಿಯಾಗುತ್ತದೆ.

ಒಮ್ಮೆ ಜಾಗ ಕೊಟ್ಟರೆ ಜನ ಅಲ್ಲೇ ಬೇರೂರುತ್ತಾರೆ, ನಾಳೆ ಅದೊಂದು ಕೊಳೆಗೇರಿಯಾಗುತ್ತದೆ ಎಂಬುದು ಎರಡನೆಯ ಆಕ್ಷೇಪ. ಇದನ್ನು ಅನುಭವಿಸಿದ ಊರುಗಳಿವೆ. ವಾಹನವನ್ನು ವಾಸದ ಮನೆಯಾಗಿ ಬಳಸುವುದನ್ನೇ ಅಪರಾಧವೆಂದು ಲಾಸ್ ಏಂಜಲೀಸ್ ನಗರ ನಿಯಮ ಮಾಡಿತ್ತು. ಯಾವುದು ವಾಸ, ಯಾವುದು ಅಲ್ಲ ಎಂದು ಯಾರಿಗೂ ತಿಳಿಯದಷ್ಟು ಆ ನಿಯಮ ಅಸ್ಪಷ್ಟವಾಗಿದೆ ಎಂದು 2014ರಲ್ಲಿ ಅಲ್ಲಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಅದೇ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ 2004ರಿಂದ ಬೇರೆ ದಾರಿ ಹಿಡಿದಿದ್ದಾರೆ: ಹಗಲು ಕಚೇರಿಗೋ ಚರ್ಚಿಗೋ ಬಳಕೆಯಾಗುವ ಅಂಗಳಗಳಲ್ಲಿ, ಹೆಸರು ಬರೆಸಿದ ಕೆಲವೇ ಗಾಡಿಗಳಿಗೆ ರಾತ್ರಿ ಮಾತ್ರ ಜಾಗ. ಜರ್ಮನಿಯಲ್ಲಿ ಚಾಲನೆಗೆ ಬೇಕಾದ ಚೈತನ್ಯ ಮರಳಿ ಪಡೆಯಲು ನಿಲುಗಡೆಗೆ ಅವಕಾಶವಿರುವೆಡೆ ಒಂದು ರಾತ್ರಿ ಗಾಡಿಯಲ್ಲಿ ಮಲಗಬಹುದು. ಕುರ್ಚಿ ಮೇಜು ಹೊರಗೆ ಹಾಕಿ ಬಿಡಾರ ಹೂಡುವಂತಿಲ್ಲ. ಜಪಾನಿನಲ್ಲಿ 1993ರಿಂದ ಬೆಳೆದ ‘ಮಿಚಿ ನೋ ಎಕಿ’ ಎಂಬ ರಸ್ತೆ ನಿಲ್ದಾಣಗಳು ಇಂದು ಸಾವಿರದ ಇನ್ನೂರು ಮೀರಿವೆ. ಇಪ್ಪತ್ನಾಲ್ಕು ತಾಸು ಪಾರ್ಕಿಂಗ್, ಶೌಚಾಲಯ, ಜೊತೆಗೆ ಸುತ್ತಲಿನ ರೈತರ ತರಕಾರಿ ಮಾರಾಟ. ದಣಿವಾರಿಸಿಕೊಳ್ಳುವ ನಿದ್ದೆಗೆ ಅಲ್ಲಿ ಸ್ವಾಗತ, ವಸತಿ ಹೂಡುವುದಕ್ಕಿಲ್ಲ. ಬೇರೂರುವುದನ್ನು ತಡೆಯುವುದು ಗಡುವು ಮತ್ತು ನೋಂದಣಿ. ಜಾಗ ಕೊಡದೆ ಇರುವುದು ಅದನ್ನು ತಡೆದ ಉದಾಹರಣೆ ಯಾವ ದೊಡ್ಡ ನಗರದಲ್ಲೂ ಕಾಣುವುದಿಲ್ಲ. ಬೇರೆ ಮನೆಯೇ ಇಲ್ಲದೆ ಗಾಡಿಯಲ್ಲೇ ಬದುಕುವವರಿದ್ದರೆ ಅವರನ್ನು ವಸತಿ ಯೋಜನೆಗೆ ಮುಟ್ಟಿಸಲು ಸಹ ಮೊದಲು ಅವರ ಹೆಸರು ಒಂದು ಪುಸ್ತಕದಲ್ಲಿ ಇರಬೇಕಾಗುತ್ತದೆ.

ನೆಲದ ಬೆಲೆಯ ಪ್ರಶ್ನೆ ಉಳಿಯಿತು. ಎಕರೆಗೆ ಕೋಟಿಗಟ್ಟಲೆ ಬೆಲೆಯಿರುವ ಊರಿನಲ್ಲಿ ಗಾಡಿ ಮಲಗಿಸಲು ನೆಲವೇ, ಅದೂ ಸಾರ್ವಜನಿಕರ ದುಡ್ಡಿನಲ್ಲೇ? ನಗರದ ನೆಲ ಅಮೂಲ್ಯ, ಪಾರ್ಕಿಂಗ್ ಅದರ ದೊಡ್ಡ ಪಾಲನ್ನು ನುಂಗುತ್ತದೆ, ಆದ್ದರಿಂದ ಅದರ ಬೆಲೆ ವಸೂಲಾಗಬೇಕು ಎಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಹೇಳಿದ್ದು ಸರಿಯಾಗಿಯೇ ಇದೆ. ಪುಕ್ಕಟೆ ಜಾಗ ಯಾರೂ ಕೇಳುತ್ತಿಲ್ಲ. ಸ್ನಾನದ ಕೋಣೆ, ಪ್ಲಗ್ಗು ಬಳಸುವ ಕ್ಯಾಂಪರ್‌ವ್ಯಾನಿನವರಿಂದ ಪೂರ್ತಿ ದರ ಪಡೆದು, ಲಾರಿ ಮತ್ತು ಟ್ಯಾಕ್ಸಿಯವರಿಗೆ ಕಡಿಮೆ ಮಾಡಬಹುದು. ನೆಲವನ್ನು ಹೊಸದಾಗಿ ಕೊಳ್ಳಬೇಕಾಗಿಯೂ ಇಲ್ಲ. ಹೊರವರ್ತುಲ ರಸ್ತೆಯ ಅಂಚಿನ ನೆಲದಲ್ಲೇ 2023ರಲ್ಲಿ ಸೌರಫಲಕಗಳ ಮಾಡಿನ 23 ಕಿಲೋಮೀಟರ್ ಸೈಕಲ್ ಹಾದಿ ಮಾಡಿದ್ದಾರೆ, ಒಳ್ಳೆಯ ಕೆಲಸ. ವಿಹಾರದ ಸೈಕಲ್ಲಿಗೆ ಸಿಕ್ಕ ನೆಲ ದುಡಿಮೆಯ ನಿದ್ದೆಗೂ ಸಿಗಬೇಕು. ಆಡಳಿತಕ್ಕೆ ಅನುಭವವಿಲ್ಲ ಎನ್ನುವಂತೆಯೂ ಇಲ್ಲ. ಎರಡು ವರ್ಷಕ್ಕೊಮ್ಮೆ ಮುಲುಗು ಜಿಲ್ಲೆಯ ಮೇಡಾರಂನಲ್ಲಿ ನಡೆಯುವ ಸಮ್ಮಕ್ಕ ಸಾರಲಮ್ಮ ಜಾತರೆಗೆ ಕೋಟಿ ಮೀರಿದ ಜನ ಸೇರುತ್ತಾರೆ. ಟ್ರ್ಯಾಕ್ಟರ್, ಎತ್ತಿನಗಾಡಿ, ವ್ಯಾನುಗಳಲ್ಲಿ ಬಂದ ಕುಟುಂಬಗಳು ಅಲ್ಲೇ ಅಡುಗೆ ಮಾಡಿ ಮಲಗುತ್ತವೆ. ಅವರಿಗಾಗಿ ಪಾರ್ಕಿಂಗ್ ಬಯಲು, ನಲ್ಲಿ, ಶೌಚಾಲಯ, ದೀಪಗಳನ್ನು ತೆಲಂಗಾಣ ಸರ್ಕಾರವೇ ಕಾಡಿನ ನಡುವೆ ಸಜ್ಜುಗೊಳಿಸುತ್ತದೆ. ನಾಲ್ಕು ದಿನಕ್ಕೆ ಕೋಟಿ ಜನರನ್ನು ಹೊಂದಿಸುವ ಆಡಳಿತಕ್ಕೆ ರಾತ್ರಿಗೆ ನೂರಿನ್ನೂರು ಗಾಡಿಗಳ ಅಂಗಳ ನಡೆಸುವುದು ಭಾರವಾಗಲಾರದು.

ಪ್ರವಾಸೋದ್ಯಮ ಇಲಾಖೆಗಳು ಹಿಡಿದಿರುವ ದಾರಿ ಇದಕ್ಕೆ ಸಾಲದು. ಕೇರಳ 2021ರಲ್ಲಿ ‘ಕೇರವಾನ್’ ನೀತಿ ತಂದು, ಮರುವರ್ಷ ವಾಗಮಣ್ಣಿನಲ್ಲಿ ಮೊದಲ ಕ್ಯಾರವಾನ್ ಪಾರ್ಕ್ ತೆರೆಯಿತು. ಮಹಾರಾಷ್ಟ್ರವೂ 2021ರಲ್ಲೇ ನೀತಿ ಮಾಡಿತು, ಕರ್ನಾಟಕ ತನ್ನ 2020ರ ಪ್ರವಾಸೋದ್ಯಮ ನೀತಿಯಲ್ಲಿ ಕ್ಯಾರವಾನಿಗೆ ಪ್ರೋತ್ಸಾಹ ಹೇಳಿತು. ಇವುಗಳ ಕಣ್ಣು ಇರುವುದು ಬಾಡಿಗೆಯ ಐಷಾರಾಮಿ ಗಾಡಿ ಮತ್ತು ಬೆಟ್ಟದ ಮೇಲಿನ ರೆಸಾರ್ಟಿನ ಮೇಲೆ. ಅಂಥ ಪಾರ್ಕು ಬೆರಳೆಣಿಕೆಯ ಕಡೆ ಮಾತ್ರ ಸಾಧ್ಯ, ಏಕೆಂದರೆ ಬರುವವರು ಕಡಿಮೆ, ಖರ್ಚು ಹೆಚ್ಚು. ಲಾರಿಯವರು, ಟ್ಯಾಕ್ಸಿಯವರು ದಿನವೂ ತುಂಬುವ ಅಂಗಳದಲ್ಲಿ ಹತ್ತು ಜಾಗ ಕ್ಯಾಂಪರ್‌ವ್ಯಾನಿಗೆ ಬಿಟ್ಟರೆ ಆ ಲೆಕ್ಕ ಕೂಡುತ್ತದೆ. ಕ್ಯಾಂಪರ್‌ವ್ಯಾನಿನವರು ಪ್ರತ್ಯೇಕ ಸವಲತ್ತು ಕೇಳುವ ಬದಲು ಚಾಲಕರ ಸಂಘಗಳ ಜೊತೆ ನಿಂತು ಕೇಳಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಒಂದು ವರ್ಗಕ್ಕೆ ಮಾತು ಬರುತ್ತದೆ, ಕಚೇರಿಗಳ ಬಾಗಿಲು ತೆರೆಯುತ್ತದೆ. ಇನ್ನೊಂದಕ್ಕೆ ಸಂಖ್ಯೆಯಿದೆ, ದಿನನಿತ್ಯದ ಅಗತ್ಯವಿದೆ.

ಶುರುಮಾಡಲು ಸರಿಯಾದ ಜಾಗ, ನನ್ನ ಎಣಿಕೆಯಲ್ಲಿ, 65ನೆಯ ಹೆದ್ದಾರಿ ಹೊರವರ್ತುಲವನ್ನು ಸಂಧಿಸುವ ಮುತ್ತಂಗಿ ಸುತ್ತಿನ ಪಟಾನ್‌ಚೆರು ಭಾಗ. ಬೀದರ್, ಕಲಬುರಗಿ, ಸೊಲ್ಲಾಪುರದ ಗಾಡಿಗಳು ಊರಿಗೆ ಬರುವುದು ಆ ಬಾಗಿಲಿನಿಂದ, ಕಾರ್ಖಾನೆಗಳ ಲಾರಿಗಳು ಸಾಲುಗಟ್ಟುವುದೂ ಅಲ್ಲೇ. 117ನೆಯ ಕಲಮಿನಡಿ ಹೊರಡಿಸುವ ಆದೇಶದಲ್ಲಿ ಸರ್ವೆ ನಂಬರು, ಹಗಲು ಕಾಯುವ ಲಾರಿಗೂ ರಾತ್ರಿ ಮಲಗುವ ವ್ಯಾನಿಗೂ ಬೇರೆ ಬೇರೆ ಅವಧಿ, ಒಂದು ಗಾಡಿಗೆ ಸತತ ಮೂರು ರಾತ್ರಿಯ ಮಿತಿ, ದರಪಟ್ಟಿ, ಹೊಲಸು ನೀರಿನ ಗುಂಡಿ, ಹೆಂಗಸರ ಸ್ನಾನಗೃಹ, ಹೊಣೆ ಹೊತ್ತ ಅಧಿಕಾರಿಯ ಹುದ್ದೆ, ಇಷ್ಟು ಸ್ಪಷ್ಟವಾಗಿ ಬರೆದಿರಬೇಕು. ಹೆದ್ದಾರಿಯಲ್ಲಿ ಹತ್ತು ಕಿಲೋಮೀಟರ್ ಮೊದಲೇ ಫಲಕ ಹಾಕಬೇಕು, ತೆಲುಗು, ಉರ್ದು, ಹಿಂದಿ, ಇಂಗ್ಲಿಷಿನ ಜೊತೆ ಕನ್ನಡ ಮತ್ತು ಮರಾಠಿಯಲ್ಲೂ. ಆ ದಾರಿಯಲ್ಲಿ ಸ್ಟಿಯರಿಂಗ್ ಹಿಡಿದು ಬರುವವರ ಮಾತುಗಳು ಅವು. ಒಂದು ಮಳೆಗಾಲ, ಒಂದು ಬೇಸಿಗೆ ನಡೆಸಿ ನೋಡಿ, ಬಂದ ಗಾಡಿಗಳ ಪುಸ್ತಕವನ್ನು ಸಾರ್ವಜನಿಕರ ಮುಂದಿಟ್ಟು, ಆಮೇಲೆ ಶಂಶಾಬಾದಿನ ಬದಿಗೆ, ಘಟ್‌ಕೇಸರಿನ ಬದಿಗೆ ಎರಡನೆಯದನ್ನೂ ಮೂರನೆಯದನ್ನೂ ಮಾಡಬಹುದು.